ಕೋಣೆಯಲ್ಲಿ ಅನ್ನ-ಸಾರು: ಒಗ್ಗರಣೆ ಕಲಿತರೆ ಅರ್ಧ ಅಡುಗೆ ಕಲಿತಂತೆ

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಮನೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣಕ್ಕೆ ನಡೆದೇ ಹೋಗಬಹುದಾದ ದೂರ. ಹಾಗಾಗಿ ಮಹಡಿಯ ಕೋಣೆಗೆ ಓದುವ ಮಕ್ಕಳೇ ಬಾಡಿಗೆಗೆ ಬರುತ್ತಾರೆ. ರಾಯಚೂರು ಕಡೆಯವರು, ಚಾಮರಾಜನಗರದವರು, ಮಲೆನಾಡಿನವರು, ಎಲ್ಲರೂ ಇದ್ದು ಹೋಗಿದ್ದಾರೆ. ಬಂದ ಮೊದಲ ವಾರ ಉತ್ಸಾಹದಿಂದ ಪಾತ್ರೆ ತರುತ್ತಾರೆ, ಎರಡನೇ ವಾರ ಅಡುಗೆ ಮಾಡುತ್ತಾರೆ, ಮೂರನೇ ವಾರ ಹೋಟೆಲಿನ ಪಾರ್ಸೆಲ್ ಹಿಡಿದು ಮೆಟ್ಟಿಲು ಹತ್ತುತ್ತಾರೆ. ಕೇಳಿದರೆ ‘ನಾವು ಮಾಡಿದ್ದು ಮನೆಯ ರುಚಿ ಬರುವುದಿಲ್ಲ ಆಂಟಿ’ ಎನ್ನುತ್ತಾರೆ. ಮೇಲೆ ಹೋಗಿ ಪಕ್ಕದಲ್ಲಿ ನಿಂತು ನೋಡಿದಾಗಲೆಲ್ಲ ನನಗೆ ಕಂಡದ್ದು ಒಂದೇ: ಅನ್ನ ಚೆನ್ನಾಗಿಯೇ ಇರುತ್ತದೆ, ಬೇಳೆಯೂ ಹೆಚ್ಚುಕಡಿಮೆ ಬೆಂದಿರುತ್ತದೆ. ಕೊನೆಯ ಒಂದೂವರೆ ನಿಮಿಷದ ಒಗ್ಗರಣೆಯಲ್ಲಿ ಎಲ್ಲವೂ ಕೆಡುತ್ತದೆ. ಅದಕ್ಕಾಗಿಯೇ ಈ ಲೇಖನ. ಇಬ್ಬರು ಉಣ್ಣುವಷ್ಟು ಅನ್ನ, ತೊಗರಿಬೇಳೆ ಸಾರು ಮಾಡುವ ಕ್ರಮ ಇಲ್ಲಿದೆ. ಇದೊಂದು ಕೈಗೆ ಹತ್ತಿದರೆ ಪಲ್ಯ, ಚಿತ್ರಾನ್ನ ತಾವಾಗಿ ಬರುತ್ತವೆ.

ಮೊದಲು ಕೊಳ್ಳಬೇಕಾದದ್ದು

ಮೂರು ಲೀಟರಿನ ಕುಕ್ಕರ್ ಒಂದು, ಅದರೊಳಗೆ ಕೂರುವ ಸಣ್ಣ ಸ್ಟೀಲ್ ಪಾತ್ರೆ ಮತ್ತು ಸ್ಟ್ಯಾಂಡ್, ಸಾರು ಕುದಿಸಲು ಒಂದು ಪಾತ್ರೆ, ಒಂದು ಬಾಣಲೆ, ಒಂದು ಒಗ್ಗರಣೆ ಸೌಟು. ಇಷ್ಟು ಸಾಕು. ಅಗ್ಗದ ನಾನ್‌ಸ್ಟಿಕ್ ಬಾಣಲೆಯನ್ನು ದಯವಿಟ್ಟು ಕೊಳ್ಳಬೇಡಿ. ಸ್ಟೀಲ್ ಚಮಚದಲ್ಲಿ ಕೆರೆದು, ತಂತಿ ನಾರಿನಲ್ಲಿ ಉಜ್ಜಿ ಆರು ತಿಂಗಳಲ್ಲಿ ಅದರ ಲೇಪ ಎದ್ದಿರುತ್ತದೆ. ಅದೇ ದುಡ್ಡಿಗೆ ಬರುವ ಕಬ್ಬಿಣದ ಬಾಣಲೆಯನ್ನು ಓದು ಮುಗಿಸಿ ಹೋಗುವಾಗ ತಮ್ಮನಿಗೆ ಕೊಡಬಹುದು. ಕುಕ್ಕರಿನ ಮೇಲೆ ಐಎಸ್‌ಐ ಗುರುತು ಇದೆಯೇ ನೋಡಿಕೊಳ್ಳಿ. ಊರಿನಿಂದ ಹಳೆಯ ಕುಕ್ಕರ್ ತಂದಿದ್ದರೆ ರಬ್ಬರ್ ಗ್ಯಾಸ್ಕೆಟ್ ಬದಲಾಯಿಸಿ. ಸೇಫ್ಟಿ ವಾಲ್ವ್ ಹಳತಾಗಿದ್ದರೆ ಅದನ್ನೂ ಬದಲಾಯಿಸಿ, ಅದೇ ಕಂಪನಿಯದನ್ನೇ ಹಾಕಿಸಿ.

ಒಲೆಯ ವಿಚಾರದಲ್ಲಿ ಎರಡು ಮಾತು. ಗ್ಯಾಸ್ ಆದರೆ ಅಧಿಕೃತ ಏಜೆನ್ಸಿಗಳಲ್ಲಿ ಗುರುತಿನ ಚೀಟಿ ತೋರಿಸಿ ಪಡೆಯುವ 5 ಕೆ.ಜಿ. ಸಿಲಿಂಡರ್ ಇದೆ. ಅಂಗಡಿಯ ಹಿತ್ತಲಲ್ಲಿ ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ಗ್ಯಾಸ್ ತುಂಬಿಸಿಕೊಡುವವರ ಹತ್ತಿರ ಹೋಗಲೇಬೇಡಿ. ಅದು ಕಾನೂನುಬಾಹಿರ, ಅದಕ್ಕಿಂತ ಹೆಚ್ಚಾಗಿ ಜೀವಕ್ಕೆ ಅಪಾಯ. ಇಂಡಕ್ಷನ್ ಆದರೆ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಕಾಯುವುದೇ ಇಲ್ಲ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇರಲಿ, ತಳಕ್ಕೆ ಅಂಟಿದರೆ ಕೊಳ್ಳಿ. ದುಂಡು ತಳದ ಒಗ್ಗರಣೆ ಸೌಟು ಕೂಡ ಇಂಡಕ್ಷನ್ ಮೇಲೆ ಕೆಲಸ ಮಾಡುವುದಿಲ್ಲ, ಚಪ್ಪಟೆ ತಳದ ಪುಟ್ಟ ಕಬ್ಬಿಣದ ಬಾಣಲೆಯೇ ಬೇಕು.

ಅನ್ನ ಮತ್ತು ಬೇಳೆ, ಒಂದೇ ಕುಕ್ಕರಿನಲ್ಲಿ

ಕಾಲು ಲೋಟ ತೊಗರಿಬೇಳೆಯನ್ನು ಎರಡು ಸಲ ತೊಳೆದು ಅರ್ಧ ಗಂಟೆ ನೆನೆಸಿಡಿ. ಸ್ನಾನ ಮಾಡಿ ಬರುವಷ್ಟರಲ್ಲಿ ನೆನೆದಿರುತ್ತದೆ. ಆ ನೀರು ಚೆಲ್ಲಿ, ಬೇಳೆಯನ್ನು ಕುಕ್ಕರಿನ ತಳಕ್ಕೇ ಹಾಕಿ ಒಂದೂವರೆ ಲೋಟ ನೀರು, ಚಿಟಿಕೆ ಅರಿಸಿನ, ನಾಲ್ಕು ಹನಿ ಎಣ್ಣೆ ಸೇರಿಸಿ. ಎಣ್ಣೆ ಹಾಕಿದರೆ ನೊರೆ ಉಕ್ಕಿ ವಿಶಲ್‌ನ ತೂತು ಕಟ್ಟಿಕೊಳ್ಳುವುದು ಕಡಿಮೆಯಾಗುತ್ತದೆ. ಮೇಲೆ ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಒಂದು ಲೋಟ ತೊಳೆದ ಸೋನಾಮಸೂರಿ ಅಕ್ಕಿಗೆ ಎರಡು ಲೋಟ ನೀರು ಹಾಕಿದ ಪಾತ್ರೆ ಇಡಿ. ಹೊಸ ಅಕ್ಕಿಯಾದರೆ ನೀರು ಸ್ವಲ್ಪ ಕಡಿಮೆ, ಹಳೆಯದಾದರೆ ಅರ್ಧ ಲೋಟ ಹೆಚ್ಚು. ಮೊದಲ ವಿಶಲ್ ಬಂದ ಮೇಲೆ ಉರಿ ಸಣ್ಣ ಮಾಡಿ, ಇನ್ನು ಮೂರು ಕೂಗಿಸಿ ಆರಿಸಿ.

ಹತ್ತು ನಿಮಿಷ ಮುಟ್ಟಬೇಡಿ. ಹಸಿವಾಗಿದೆ ಎಂದು ಚಮಚದಲ್ಲಿ ವಿಶಲ್ ಎತ್ತುವವರನ್ನು ನಾನು ಎಷ್ಟು ಸಲ ಗದರಿದ್ದೇನೋ ಲೆಕ್ಕವಿಲ್ಲ. ಕುಕ್ಕರಿನೊಳಗೆ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಿರುತ್ತದೆ. ಒಮ್ಮೆಲೇ ಒತ್ತಡ ಬಿಟ್ಟರೆ ಬೇಳೆಯ ನೊರೆ ಕಾರಂಜಿಯಂತೆ ಚಿಮ್ಮಿ ಮುಖಕ್ಕೇ ಬರುತ್ತದೆ. ಮುಚ್ಚಳ ತಾನಾಗಿ ಸಡಿಲವಾಗಲಿ.

ಬೇಳೆ ಬೇಯದಿದ್ದರೆ ಬೇಳೆಯನ್ನೇ ಬೈಯಬೇಡಿ. ಬಾಡಿಗೆ ಮನೆಗಳ ನಲ್ಲಿಯಲ್ಲಿ ಬರುವುದು ಎಷ್ಟೋ ಕಡೆ ಬೋರ್‌ವೆಲ್ಲಿನ ಗಡಸು ನೀರು, ಅದರಲ್ಲಿ ಬೇಳೆ ಬೇಗ ಕರಗುವುದಿಲ್ಲ. ಬೇಳೆಗೆ ಮಾತ್ರ ಕುಡಿಯುವ ನೀರನ್ನೇ ಹಾಕಿ. ಹುಣಸೆಹಣ್ಣು, ಟೊಮೆಟೊ ಯಾವುದನ್ನೂ ಬೇಳೆಯ ಜೊತೆಗೇ ಕುಕ್ಕರಿಗೆ ಹಾಕಬೇಡಿ. ಹುಳಿ ಬಿದ್ದರೆ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ. ‘ಎಲ್ಲ ಒಟ್ಟಿಗೆ ಹಾಕಿ ಕೂಗಿಸಿದರೆ ಕೆಲಸ ಉಳಿಯುತ್ತದೆ’ ಎಂದು ಮೊಬೈಲಿನಲ್ಲಿ ತೋರಿಸುವವರನ್ನು ಈ ಒಂದು ವಿಷಯದಲ್ಲಿ ನಂಬಬೇಡಿ.

ಸಾರು ಕುದಿಸುವುದು

ಕುಕ್ಕರ್ ಆರುವ ಹತ್ತು ನಿಮಿಷದಲ್ಲಿ ಇದು ಆಗುತ್ತದೆ. ಎರಡು ಟೊಮೆಟೊ ಹೆಚ್ಚಿ, ಗೋಲಿ ಗಾತ್ರದ ಹುಣಸೆಹಣ್ಣು ಕಿವುಚಿದ ರಸ, ಎರಡು ಲೋಟ ನೀರು, ಉಪ್ಪು, ಅಡಿಕೆಯಷ್ಟು ಬೆಲ್ಲ, ಎರಡು ಚಮಚ ಸಾರಿನ ಪುಡಿ ಹಾಕಿ ಏಳೆಂಟು ನಿಮಿಷ ಕುದಿಸಿ. ಪುಡಿಯ ಹಸಿ ವಾಸನೆ ಹೋಗಬೇಕು. ಬೆಲ್ಲ ಬೇಡವೆನ್ನುವವರು ಬಿಡಬಹುದು. ಆದರೆ ಹಳೆ ಮೈಸೂರಿನವಳಾದ ನನಗೆ ಬೆಲ್ಲವಿಲ್ಲದ ಸಾರು ಸಾರೇ ಅಲ್ಲ. ಸಾರಿನ ಪುಡಿ ಮನೆಯಿಂದ ಅಮ್ಮ ಕೊಟ್ಟದ್ದಿದ್ದರೆ ಬೇರೇನೂ ಬೇಡ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಒಣ ಚಮಚ ಮಾತ್ರ ಬಳಸಿ. ಅಂಗಡಿಯದಾದರೆ 50 ಗ್ರಾಂ ಪೊಟ್ಟಣ ಸಾಕು, ದೊಡ್ಡದು ತಂದರೆ ಘಮ ಹಾರಿಹೋದ ಪುಡಿಯನ್ನೇ ಮೂರು ತಿಂಗಳು ತಿನ್ನಬೇಕಾಗುತ್ತದೆ. ಬಿಸಿನೀರಿಗೆ ಹಾಕಿದರೆ ಸಾರಾಗುತ್ತದೆ ಎನ್ನುವ ದಿಢೀರ್ ಪೊಟ್ಟಣಗಳಲ್ಲಿ ಉಪ್ಪೇ ಮುಂದು. ಪರೀಕ್ಷೆಯ ಹಿಂದಿನ ರಾತ್ರಿಗೆ ಒಂದು ಇರಲಿ, ದಿನದ ಊಟಕ್ಕೆ ಬೇಡ.

ಬೆಂದ ಬೇಳೆಯನ್ನು ಸೌಟಿನಿಂದ ಮಸೆದು ಈ ಹುಳಿನೀರಿಗೆ ಸುರಿದು ಕಲಸಿ. ಮೇಲೆ ನೊರೆಕಟ್ಟಿ ಉಕ್ಕು ಬಂದ ಕೂಡಲೇ ಒಲೆ ಆರಿಸಿ. ಇಲ್ಲಿಂದ ಮುಂದೆ ಕೊತಕೊತ ಕುದಿಸಿದರೆ ತಿಳಿ ಸಾರಿನ ಘಮ ಹೋಗುತ್ತದೆ.

ಒಗ್ಗರಣೆ

ಈಗ ಮೊಬೈಲನ್ನು ಪಕ್ಕಕ್ಕೆ ಇಡಿ. ಕಿಟಕಿ ತೆರೆಯಿರಿ. ಸಾಸಿವೆ, ಜೀರಿಗೆ, ಮುರಿದ ಎರಡು ಬ್ಯಾಡಗಿ ಮೆಣಸಿನಕಾಯಿ, ಒಂದು ಎಸಳು ಕರಿಬೇವು, ಇಂಗು ಎಲ್ಲವೂ ತಟ್ಟೆಯಲ್ಲಿ ಮೊದಲೇ ಸಾಲಾಗಿ ಇರಬೇಕು. ಎಣ್ಣೆ ಕಾದ ಮೇಲೆ ಡಬ್ಬಿ ಹುಡುಕುವವರ ಒಗ್ಗರಣೆ ಸೀಯದೆ ಇರುವುದಿಲ್ಲ. ಕರಿಬೇವನ್ನು ತೊಳೆದ ಮೇಲೆ ಬಟ್ಟೆಯಲ್ಲಿ ಒತ್ತಿ ಒರೆಸಿ. ಸೌಟೂ ಒಣಗಿರಬೇಕು. ಒಂದು ಹನಿ ನೀರಿದ್ದರೂ ಕಾದ ಎಣ್ಣೆ ಕೈಗೆ ಸಿಡಿಯುತ್ತದೆ.

ಎರಡು ಚಮಚ ಎಣ್ಣೆ, ಅಥವಾ ಅರ್ಧ ಎಣ್ಣೆ ಅರ್ಧ ತುಪ್ಪ. ಉರಿ ಮಧ್ಯಮ. ಇಂಡಕ್ಷನ್ ಆದರೆ ಅದಕ್ಕಿಂತಲೂ ಕಡಿಮೆ ಇಡಿ, ಅಷ್ಟು ಸ್ವಲ್ಪ ಎಣ್ಣೆ ಅದರ ಮೇಲೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಹೊಗೆಯೇಳುತ್ತದೆ. ಎಣ್ಣೆ ಕಾದಿದೆಯೇ ಎಂದು ತಿಳಿಯಲು ಎರಡೇ ಎರಡು ಸಾಸಿವೆ ಕಾಳು ಹಾಕಿ. ತಳದಲ್ಲಿ ಸುಮ್ಮನೆ ಕೂತರೆ ಕಾದಿಲ್ಲ. ಸುತ್ತ ಸಣ್ಣ ಗುಳ್ಳೆ ಎದ್ದು ಎರಡು ಮೂರು ಸೆಕೆಂಡಿನಲ್ಲಿ ‘ಟಪ್’ ಎಂದರೆ ಹದ ಬಂದಿದೆ. ಹಾಕುವ ಮೊದಲೇ ಎಣ್ಣೆಯಿಂದ ನೀಲಿ ಹೊಗೆ ಬರುತ್ತಿದ್ದರೆ ಹದ ದಾಟಿದೆ, ಒಲೆ ಆರಿಸಿ ಅರ್ಧ ನಿಮಿಷ ಬಿಡಿ.

ಹದವಿದ್ದಾಗ ಅರ್ಧ ಚಮಚ ಸಾಸಿವೆ ಹಾಕಿ. ಕಾಳಿನೊಳಗಿನ ತೇವ ಆವಿಯಾಗಿ ಸಿಪ್ಪೆಯನ್ನು ಒಡೆದುಕೊಂಡು ಬರುವುದೇ ಈ ಚಟಪಟ. ಸಿಡಿಯದ ಸಾಸಿವೆ ಬಾಯಿಗೆ ಕಹಿ, ಕರಕಲಾದ ಸಾಸಿವೆ ಇನ್ನೂ ಕಹಿ. ಸಿಡಿತಕ್ಕೆ ಹೆದರಿ ಹುಡುಗರು ದೂರ ಸರಿದು ನಿಲ್ಲುತ್ತಾರೆ, ಅಷ್ಟರಲ್ಲಿ ಕರಕಲಾಗುತ್ತದೆ. ಓಡಬೇಕಿಲ್ಲ, ಒಂದು ತಟ್ಟೆಯನ್ನು ಸೌಟಿನ ಮೇಲೆ ಅರೆಮುಚ್ಚಿ ಹಿಡಿದು ಕಿವಿಗೊಟ್ಟು ಕೇಳಿ. ಮೊದಲು ಒಂದೊಂದು, ಆಮೇಲೆ ಮಳೆ ಹನಿ ತಗಡಿನ ಮೇಲೆ ಬಿದ್ದಂತೆ ಒಟ್ಟಿಗೆ, ಮತ್ತೆ ಒಂದೊಂದು. ಸದ್ದು ಇಳಿಯತೊಡಗಿದ ಕ್ಷಣವೇ ಒಲೆ ಆರಿಸಿ. ಹೌದು, ಇನ್ನೂ ಏನೂ ಹಾಕುವ ಮೊದಲೇ. ಉಳಿದದ್ದನ್ನೆಲ್ಲ ಹುರಿಯಲು ಕಬ್ಬಿಣದ ಸೌಟಿನ ಬಿಸಿಯೇ ಸಾಕು. ಇಷ್ಟು ವರ್ಷದಲ್ಲಿ ನಾನು ಹೇಳಿಕೊಟ್ಟ ಮಾತುಗಳಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ಒಲೆ ಆರಿಸಿದ ಮೇಲೆ ಜೀರಿಗೆ. ಅದು ಕೆಂಪಗೆ ತಿರುಗುತ್ತಿದ್ದಂತೆ ಮೆಣಸಿನಕಾಯಿ. ಮೆಣಸಿನಕಾಯಿಯ ಬೀಜಗಳನ್ನು ಮೊದಲೇ ಉದುರಿಸಿಬಿಟ್ಟಿದ್ದರೆ ಮನೆಯವರೆಲ್ಲ ಕೆಮ್ಮುವ ಘಾಟು ಅಷ್ಟಾಗಿ ಏಳುವುದಿಲ್ಲ. ಬ್ಯಾಡಗಿಯನ್ನೇ ಹೇಳುತ್ತಿದ್ದೇನೆ, ಏಕೆಂದರೆ ಅದಕ್ಕೆ ಬಣ್ಣ ಹೆಚ್ಚು, ಖಾರ ಕಡಿಮೆ. ಆಮೇಲೆ ಇಂಗು, ಚಿಟಿಕೆ ಮಾತ್ರ. ಪುಡಿ ಇಂಗಿನಲ್ಲಿ ಹಿಟ್ಟು ಬೆರೆಸಿರುತ್ತಾರೆ, ಹೆಚ್ಚು ಕಾದ ಎಣ್ಣೆಗೆ ಬಿದ್ದರೆ ಸುಟ್ಟು ಕಪ್ಪಾಗುತ್ತದೆ. ಎಲ್ಲಕ್ಕಿಂತ ಕೊನೆಗೆ ಕರಿಬೇವು. ಅದು ‘ಚರ್’ ಎಂದು ಸದ್ದು ಮಾಡಿ ಗರಿಯಾದ ಕೂಡಲೇ ಸೌಟನ್ನು ಹಾಗೆಯೇ ಸಾರಿನೊಳಗೆ ಅದ್ದಿ, ಪಾತ್ರೆಯ ಮುಚ್ಚಳ ಹಾಕಿಬಿಡಿ. ಐದು ನಿಮಿಷ ತೆರೆಯಬೇಡಿ.

ಹೋದ ವರ್ಷ ಸಿಂಧನೂರಿನ ಹುಡುಗನೊಬ್ಬ ಹನ್ನೆರಡು ದಿನ ಸತತವಾಗಿ ಸಾಸಿವೆ ಸುಟ್ಟ. ಹದಿಮೂರನೆಯ ದಿನ ನಾನು ಕೆಳಗೆ ರೇಡಿಯೊ ಕೇಳುತ್ತಿದ್ದಾಗ ಮೇಲಿನಿಂದ ಚಟಪಟ ಸದ್ದು, ಹಿಂದೆಯೇ ಒಲೆಯ ಗುಂಡಿ ‘ಟಕ್’ ಎಂದು ತಿರುಗಿದ ಸದ್ದು. ಒಂದು ಬಟ್ಟಲು ಸಾರು ಹಿಡಿದು ಇಳಿದು ಬಂದ. ಮೇಲೆ ಇಂಗಿನ ಘಮ, ಕರಿಬೇವು ಇನ್ನೂ ಹಸಿರು. ಊರಿನಿಂದ ಬಂದ ಖಡಕ್ ಜೋಳದ ರೊಟ್ಟಿಯನ್ನು ಅವನು ಆ ಸಾರಿಗೆ ಮುರಿದು ಹಾಕಿಕೊಂಡು ಉಂಡ. ಆ ಜೋಡಿ ನನಗೆ ಹೊಸದು, ಈಗ ನಮ್ಮ ಮನೆಯಲ್ಲೂ ಆಗಾಗ ಮಾಡುತ್ತೇವೆ.

ಒಂದು ಎಚ್ಚರಿಕೆ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಲೇಬೇಡಿ, ಬೆಂಕಿ ಮೇಲಕ್ಕೆ ಹಾರುತ್ತದೆ. ಒಲೆ ಆರಿಸಿ, ಸೌಟಿನ ಮೇಲೆ ಸ್ಟೀಲ್ ತಟ್ಟೆ ಮುಚ್ಚಿ. ಗಾಳಿ ಸಿಗದೆ ತಾನೇ ಆರುತ್ತದೆ.

ಪಲ್ಯ ಮತ್ತು ಚಿತ್ರಾನ್ನ

ಪಲ್ಯಕ್ಕೆ ಹೆಚ್ಚು ಹೇಳುವುದಿಲ್ಲ: ಇದೇ ಒಗ್ಗರಣೆಯನ್ನು ಬಾಣಲೆಯಲ್ಲಿ ಮಾಡಿ, ಸಣ್ಣಗೆ ಹೆಚ್ಚಿದ ಎಲೆಕೋಸು ಅಥವಾ ಹುರುಳಿಕಾಯಿ, ಉಪ್ಪು ಹಾಕಿ ನೀರು ಚಿಮುಕಿಸಿ ಮುಚ್ಚಿ ಬೇಯಿಸಿ.

ಚಿತ್ರಾನ್ನಕ್ಕೆ ಎಣ್ಣೆ ಮೂರು ಚಮಚ ಬೇಕು, ಅನ್ನ ಆರಿರಬೇಕು. ಸಾಸಿವೆ ಸಿಡಿದ ಮೇಲೆ ಕಡಲೆಬೇಳೆ, ಉದ್ದಿನಬೇಳೆ, ಶೇಂಗಾ ಹಾಕಿ ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವ ತನಕ ಕಾಯಿರಿ. ಇಲ್ಲಿ ಮಾತ್ರ ಒಲೆ ಆರಿಸುವಂತಿಲ್ಲ, ಬೇಳೆ ಹುರಿಯಲು ಹೊತ್ತು ಬೇಕು. ಆಮೇಲೆ ಹಸಿಮೆಣಸಿನಕಾಯಿ, ಕರಿಬೇವು, ಅರಿಸಿನ. ಒಲೆ ಆರಿಸಿ ಅನ್ನ, ಉಪ್ಪು ಕಲಸಿ. ನಿಂಬೆರಸ ಎಲ್ಲ ಆದ ಮೇಲೆ, ಕುದಿಸಿದರೆ ಕಹಿಯಾಗುತ್ತದೆ. ಬಾಟಲಿಯ ನಿಂಬೆರಸ ತರಬೇಡಿ, ದೇವರಾಜ ಮಾರುಕಟ್ಟೆಗೆ ಹೋದಾಗ ನಾಲ್ಕು ನಿಂಬೆಹಣ್ಣು ಹಿಡಿದು ಬನ್ನಿ.

ಮಿಕ್ಕ ಅನ್ನದ ವಿಷಯ ತಿಳಿದಿರಲಿ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಕೋಣೆಯಲ್ಲಿ ಅನ್ನ ಹೊತ್ತುಗಟ್ಟಲೆ ಕೂತರೆ ಅವು ಬೆಳೆದು ವಿಷ ಉಂಟುಮಾಡುತ್ತವೆ, ಮತ್ತೆ ಬಿಸಿ ಮಾಡಿದರೂ ಅದು ಹೋಗುವುದಿಲ್ಲ. ವಾಂತಿ, ಭೇದಿ ಆಗಬಹುದು. ಫ್ರಿಡ್ಜ್ ಇದ್ದರೆ ಆರಿದ ಕೂಡಲೇ ಒಳಗಿಟ್ಟು ಮರುದಿನವೇ ಮುಗಿಸಿ. ಇಲ್ಲದಿದ್ದರೆ ಆ ಹೊತ್ತಿಗೆ ಬೇಕಾದಷ್ಟೇ ಅಕ್ಕಿ ಅಳೆಯಿರಿ, ಚಿತ್ರಾನ್ನಕ್ಕೂ ಹೊಸದಾಗಿ ಅನ್ನ ಮಾಡಿ ತಟ್ಟೆಗೆ ಹರವಿ ಆರಿಸಿಕೊಳ್ಳಿ.

ಊಟವಾದ ಮೇಲೆ ಕುಕ್ಕರಿನ ಗ್ಯಾಸ್ಕೆಟ್ ಬಿಚ್ಚಿ ತೊಳೆದು ಒಣಗಲು ನೇತುಹಾಕಿ, ವಿಶಲ್‌ನ ತೂತನ್ನು ಬೆಳಕಿಗೆ ಹಿಡಿದು ನೋಡಿ. ಆ ಕಡೆಯ ಬೆಳಕು ಕಾಣಬೇಕು. ಕಾಣದಿದ್ದರೆ ಬೇಳೆ ಸಿಕ್ಕಿಕೊಂಡಿದೆ, ಒಂದು ಪೊರಕೆ ಕಡ್ಡಿಯಿಂದ ಚುಚ್ಚಿ ತೆಗೆಯಿರಿ. ಒಗ್ಗರಣೆ ಸೌಟನ್ನು ತೊಳೆದು ಒಲೆಯ ಮೇಲೆ ಅರ್ಧ ನಿಮಿಷ ಒಣಗಿಸಿ, ಹನಿ ಎಣ್ಣೆ ಸವರಿ ಮೊಳೆಗೆ ತಗುಲಿಸಿ. ಬೆಳಿಗ್ಗೆ ತುಕ್ಕು ಹಿಡಿದಿರುವುದಿಲ್ಲ.