ಲೈಬ್ರರಿ ಹೋಯ್ತು, ಬಳ್ಳಾರಿ ಉಳೀತು

ಊರು ಕಟ್ಟಿ ಸಾಮ್ರಾಜ್ಯ ಬೆಳೆಸೋ ಕಂಪ್ಯೂಟರ್ ಗೇಮ್ ಸಿವಿಲೈಸೇಷನ್ 5 ಬಂದಿದ್ದು 2010ರಲ್ಲಿ. ನಾನು ಇವತ್ತಿಗೂ ಅದನ್ನೇ ಆಡುತ್ತಿದ್ದೇನೆ, ಬಿಟಿಎಂ ಲೇಔಟ್‌ನ ರೂಮಿನಲ್ಲಿ ಶನಿವಾರ ರಾತ್ರಿ ಊಟ ಮುಗಿಸಿ ಕೂತರೆ ಬೆಳಗ್ಗೆ ಹಾಲಿನವರ ಸದ್ದು ಕೇಳಿದಾಗಲೇ ಏಳೋದು.

ಮೊದಲೆಲ್ಲ ಕಂಡ ವಂಡರ್ (ಇಡೀ ಆಟದಲ್ಲಿ ಯಾರಾದರೂ ಒಬ್ಬರೇ ಕಟ್ಟಬಹುದಾದ ಅದ್ಭುತ ಕಟ್ಟಡ) ಎಲ್ಲಾ ನನಗೇ ಬೇಕಿತ್ತು. ಪ್ರಿನ್ಸ್ ಲೆವೆಲ್‌ನಲ್ಲಿ ಈ ಹುಚ್ಚು ನಡೆಯುತ್ತಿತ್ತು. ಅದಕ್ಕಿಂತ ಕಷ್ಟದ ಎಂಪರರ್ ಲೆವೆಲ್‌ಗೆ ಹೋದ ಮೇಲೆ ಬಣ್ಣ ಬಯಲಾಯಿತು. ಒಂದು ಸಲ ಭಾರತ ತಗೊಂಡು (ಇನ್ಯಾವುದು ತಗೊಳ್ಳೋದು!) ಗ್ರೇಟ್ ಲೈಬ್ರರಿ ಅನ್ನೋ ವಂಡರ್‌ಗೆ ಕೈ ಹಾಕಿದೆ. ಒಂದು ಟೆಕ್ನಾಲಜಿ ಪುಕ್ಕಟೆ ಸಿಗುತ್ತಲ್ಲ, ಅದರ ಆಸೆ. ಅದಕ್ಕೆ 185 ಪ್ರೊಡಕ್ಷನ್ (ಊರಿನ ಕಟ್ಟೋ ಶಕ್ತಿ) ಬೇಕು, ನನ್ನ ರಾಜಧಾನಿ ಟರ್ನ್‌ಗೆ ಕೊಡುತ್ತಿದ್ದದ್ದು ಬರೀ 8. ಎರಡೇ ಟರ್ನ್ ಬಾಕಿ ಇದ್ದಾಗ ಯಾವುದೋ ದೂರದ ರಾಜ್ಯದವರು ಕಟ್ಟಿ ಮುಗಿಸಿದರು. ಹಾಕಿದ ಪ್ರೊಡಕ್ಷನ್‌ಗೆ ಬದಲು ಒಂದಿಷ್ಟು ಚಿನ್ನ ಬಂತು. ಅಷ್ಟರಲ್ಲಿ ಪಕ್ಕದ ಅಜ್ಟೆಕ್ ರಾಜ ಮಾಂಟೆಜುಮಾ ತನ್ನ ಜಾಗ್ವಾರ್ ಯೋಧರ ಪಡೆ ಕರ್ಕೊಂಡು ಬಾಗಿಲಿಗೇ ಬಂದಿದ್ದ. ಬಂದ ಚಿನ್ನಕ್ಕೆ ಕೈಯಲ್ಲಿದ್ದದ್ದನ್ನೂ ಸೇರಿಸಿ ಒಂದು ಆರ್ಚರ್ (ಬಿಲ್ಲುಗಾರರ ಪಡೆ) ಕೊಂಡೆ. ಒಂದೇ ಒಂದು. ಆರ್ಚರ್‌ಗೆ 40 ಪ್ರೊಡಕ್ಷನ್, ದಾರಿ ಹುಡುಕೋ ಸ್ಕೌಟ್‌ಗೆ 25, ಅಂದರೆ ಆ ಲೈಬ್ರರಿ ಲೆಕ್ಕದಲ್ಲಿ ನಾಲ್ಕು ಆರ್ಚರ್ ಜೊತೆಗೆ ಒಂದು ಸ್ಕೌಟ್ ಬರುತ್ತಿತ್ತು. ಆಟ ಅಲ್ಲಿಗೇ ಮುಗೀತು.

ಆಮೇಲಿಂದ ವಂಡರ್ ಪಟ್ಟಿ ನೋಡೋ ಮುಂಚೆ ನೆಲ ನೋಡುತ್ತೇನೆ. ಹೋದ ತಿಂಗಳ ಆಟದಲ್ಲಿ ದಕ್ಷಿಣಕ್ಕೆ ದೊಡ್ಡ ಮರುಭೂಮಿ, ಏಳು ಗುಡ್ಡ. ಯಾರಿಗೂ ಬೇಡವಾದ ಜಾಗ. ಅಲ್ಲೊಂದು ಊರು ಕಟ್ಟಿ ಬಳ್ಳಾರಿ ಅಂತ ಹೆಸರಿಟ್ಟೆ. ಮರಳುಗಾಡಿನ ಗುಡ್ಡದಿಂದ ಸಿಗೋದು 2 ಪ್ರೊಡಕ್ಷನ್ ಮಾತ್ರ, ಊಟ ಸೊನ್ನೆ. ಪೆಟ್ರಾ ಅನ್ನೋ ವಂಡರ್ ಕಟ್ಟಿದರೆ ಅದೇ ಗುಡ್ಡ 1 ಊಟ, 3 ಪ್ರೊಡಕ್ಷನ್ ಕೊಡುತ್ತೆ. ಇನ್ನೊಂದು ಅನುಕೂಲ ಏನಪ್ಪಾ ಅಂದ್ರೆ, ಮರುಭೂಮಿ ಮೇಲೋ ಅದರ ಪಕ್ಕದಲ್ಲೋ ಇರುವ ಊರು ಮಾತ್ರ ಪೆಟ್ರಾ ಕಟ್ಟಬಹುದು, ಹಾಗಾಗಿ ಪೈಪೋಟಿ ಕಮ್ಮಿ. ಆದರೂ ಧೈರ್ಯ ಸಾಲದೆ ಟ್ರೆಡಿಷನ್ ಅನ್ನೋ ನೀತಿಗಳ ಗುಂಪಿನಲ್ಲಿ ಅರಿಸ್ಟೋಕ್ರಸಿ ತಗೊಂಡೆ (ವಂಡರ್‌ಗೆ 15% ಜಾಸ್ತಿ), ಹತ್ತಿರ ಅಮೃತಶಿಲೆ ಇತ್ತು, ಅದರಿಂದ ಇನ್ನೊಂದು 15%. ಪೆಟ್ರಾ ಕಟ್ಟೋಕೆ ಬೇಕಾದ ಕರೆನ್ಸಿ ಟೆಕ್ನಾಲಜಿ ಕಲಿತ ದಿನವೇ ವರ್ಕರ್‌ಗಳನ್ನು ಕಾಡು ಕಡಿಯೋಕೆ ಬಿಟ್ಟೆ, ಕಡಿದರೆ ಪ್ರೊಡಕ್ಷನ್ ಸಿಗುತ್ತೆ.

ಪೆಟ್ರಾ ಎದ್ದು ನಿಂತರೂ ಜನಸಂಖ್ಯೆ ಮಾತ್ರ ತೆವಳುತ್ತಿತ್ತು. ಒಬ್ಬೊಬ್ಬ ಪ್ರಜೆ 2 ಊಟ ತಿನ್ನುತ್ತಾನೆ, ಗುಡ್ಡ ಕೊಡೋದು 1, ಸಾಲುತ್ತಾ? ರಾಜಧಾನಿಯಲ್ಲಿ ಗ್ರೇನರಿ (ಕಣಜ) ಇತ್ತು, ಅಲ್ಲಿಂದ ಕ್ಯಾರವಾನ್‌ನಲ್ಲಿ, ಅಂದರೆ ವ್ಯಾಪಾರದ ಸಾರ್ಥದಲ್ಲಿ, ಊಟ ಕಳಿಸಿದೆ. ಪೆಟ್ರಾ ಜೊತೆ ಒಂದು ಕ್ಯಾರವಾನ್ ಪುಕ್ಕಟೆ ಬರುತ್ತೆ, ಅದನ್ನೂ ಇದೇ ಕೆಲಸಕ್ಕೆ ಹಾಕಿದೆ. ಆಮೇಲೆ ನೋಡಬೇಕಿತ್ತು ಬಳ್ಳಾರಿಯನ್ನ, ಪ್ರೊಡಕ್ಷನ್‌ನಲ್ಲಿ ರಾಜಧಾನಿಯನ್ನೇ ಹಿಂದೆ ಹಾಕಿತು.

ನನ್ನ ರೂಮ್‌ಮೇಟ್ ನಿಜವಾದ ಬಳ್ಳಾರಿಯವನು. ಹಿಂದೆ ನಿಂತು ನೋಡಿ, "ಲೇ, ನಮ್ಮೂರೇನು ಮರುಭೂಮಿ ಏನಲೇ? ನಮ್ಮ ಜಿಲ್ಲೆಗೆ ತುಂಗಭದ್ರಾ ಐತಿ" ಅಂತ ರೇಗಿದ. ನದಿ ಪಕ್ಕದ ಫ್ಲಡ್ ಪ್ಲೇನ್‌ಗೆ ಪೆಟ್ರಾ ಏನೂ ಕೊಡಲ್ಲ ಮಾರಾಯ ಅಂದೆ. ಎರಡು ದಿನ ಮಾತಾಡಲಿಲ್ಲ.