ಇಗರ್ಜಿಗೂ (ಚರ್ಚ್‌ಗೂ) ಒಂದು ಪಾಲು: ವಿಲ್ ಬರೆಯೋದು ಹೇಗೆ?

ನಮ್ಮ ಕರಾವಳಿ ಕ್ರೈಸ್ತರ ಮೊಂತಿ ಹಬ್ಬಕ್ಕೆ, ಅಂದ್ರೆ ಮಾತೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಹೊಸ ತೆನೆ ತಂದು ಎಲ್ಲರೂ ಊಟಕ್ಕೆ ಕೂತಾಗ "ನನ್ನ ನಂತರ ಸ್ವಲ್ಪ ಇಗರ್ಜಿಗೆ ಹೋಗ್ಬೇಕು ಮಾರಾಯ್ರೆ" ಅಂತ ಹೇಳುವ ಹಿರಿಯರು ಮಂಗಳೂರು, ಉಡುಪಿ ಕಡೆ ಎಷ್ಟೋ ಜನ ಇದ್ದಾರೆ, ಆದ್ರೆ ಬರೆದಿಡೋರು ಕಮ್ಮಿ. ನನ್ನ ದೊಡ್ಡಪ್ಪನೂ ಹಾಗೇ ಹೇಳ್ತಾ ಹೇಳ್ತಾ ತೀರಿಹೋದ್ರು, ಬಾಯಿಮಾತು ಕಾನೂನಿನ ಎದುರು ನಿಲ್ಲೋದಿಲ್ಲ ನೋಡಿ, ಅವರ ಆಸೆ ಅಲ್ಲಿಗೇ ಉಳೀತು.

ಮೊದ್ಲು ಒಂದು ಹಳೇ ಭಯ ಬಿಡಿ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 118ನೇ ಸೆಕ್ಷನ್ ಪ್ರಕಾರ ಹತ್ತಿರದ ಸಂಬಂಧಿಕರು ಇರೋರು ಧರ್ಮಕಾರ್ಯಕ್ಕೆ ಆಸ್ತಿ ಬರೀಬೇಕಾದ್ರೆ ಸಾವಿಗೆ ಕನಿಷ್ಠ 12 ತಿಂಗಳು ಮೊದಲೇ ವಿಲ್ ಬರೆದು ಅದನ್ನು 6 ತಿಂಗಳೊಳಗೆ ಕಾನೂನು ಹೇಳಿದ ಜಾಗದಲ್ಲಿ ಡೆಪಾಸಿಟ್ ಕೂಡ ಮಾಡ್ಬೇಕಿತ್ತು. ಕೇರಳದ ಪಾದ್ರಿಯೊಬ್ಬರು ಕೋರ್ಟಿಗೆ ಹೋಗಿ, 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡ್ತು.

ಈಗ ಏನು ಕೊಡ್ತೀರಿ ಅಂತ ಕೂತು ಲೆಕ್ಕ ಹಾಕಿ. ಸ್ವಂತ ಹೆಸರಲ್ಲಿ ಇರೋದನ್ನೇ ಬರೀಬಹುದು, ಅಪ್ಪನ ಜಾಗ ಇನ್ನೂ ಪಾಲಾಗದಿದ್ರೆ ನಿಮ್ಮ ಪಾಲು ಎಷ್ಟೋ ಅಷ್ಟೇ. ವರ್ಗ ಜಾಗದ, ಅಂದ್ರೆ ಪಟ್ಟಾ ಇರೋ ಸ್ವಂತ ಜಮೀನಿನ, ಪಕ್ಕದಲ್ಲಿ ಸೊಪ್ಪು ಸೌದೆಗೆ ಬಳಸೋ ಕುಮ್ಕಿಯನ್ನು ಎಷ್ಟೋ ಜನ ನಮ್ದೇ ಅಂದ್ಕೊಂಡಿರ್ತಾರೆ, ಅದು ಸರ್ಕಾರದ ಜಾಗ, ವಿಲ್‌ಗೆ ಬರೋದಿಲ್ಲ. ಹಾಗೇ ಬ್ಯಾಂಕ್ ಎಫ್‌ಡಿಗೆ ನಾಮಿನಿ ಹಾಕಿದ್ದೇವೆ, ಸಾಕು ಅನ್ಬೇಡಿ, ನಾಮಿನಿ ಹಣ ಕೈಗೆ ತಗೊಳ್ಳೋನು ಅಷ್ಟೇ, ಅದು ಯಾರಿಗೆ ಸೇರ್ಬೇಕು ಅಂತ ವಿಲ್ ಹೇಳ್ಬೇಕು. ಜಾಗ ಇಲ್ವಾ, ಎಫ್‌ಡಿಯಲ್ಲಿ ನೂರಕ್ಕೆ ಐದು ಬರೆದ್ರೂ ಅದು ದೊಡ್ಡದೇ.

ಆಮೇಲೆ ಫಾದರ್ ಹತ್ರ ಅಥವಾ ಪಾಸ್ಟರ್ ಹತ್ರ ಹೋಗಿ ಇಗರ್ಜಿಯ ಆಸ್ತಿ ಯಾವ ಹೆಸರಲ್ಲಿ ಉಂಟು ಅಂತ ಬರೆಸ್ಕೊಳ್ಳಿ, ಸುಮ್ಮನೆ "ನಮ್ಮ ಚರ್ಚ್‌ಗೆ" ಅಂದ್ರೆ ಮಂಗಳೂರು ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚಾ, ಉಡುಪಿ ಕಡೆ ಕಲ್ಯಾಣಪುರದ ಮಿಲಾಗ್ರಿಸ್ ಚರ್ಚಾ ಅಂತಾನೇ ಗೊಂದಲ ಆಗ್ತದೆ. ಉದ್ದೇಶವನ್ನು ತೀರಾ ಇಕ್ಕಟ್ಟು ಮಾಡ್ಬೇಡಿ. "ಮಾಡಿನ ಹಂಚಿಗೆ ಮಾತ್ರ" ಅಂತ ಬರೆದ್ರೆ, ನಿಮ್ಮ ವಿಲ್ ಜಾರಿಗೆ ಬರೋ ಹೊತ್ತಿಗೆ ಅಲ್ಲಿ ಸ್ಲ್ಯಾಬ್ ಆಗಿದ್ರೆ? "ಕಟ್ಟಡದ ದುರಸ್ತಿ, ಅಥವಾ ಆಗಿನ ಅಗತ್ಯಕ್ಕೆ" ಅಂತ ಬಿಟ್ಟಿಡಿ. ಹಂಪನಕಟ್ಟೆಯ ಮಿಲಾಗ್ರಿಸ್ 1680ರದ್ದು, 1784ರಲ್ಲಿ ನೆಲಸಮ ಆಗಿ ಮತ್ತೆ ಎದ್ದದ್ದು, ಒಂದು ಇಗರ್ಜಿಗೆ ಯಾವ ಕಾಲಕ್ಕೆ ಏನು ಬೇಕಾಗ್ತದೆ ಅಂತ ಯಾರಿಗೆ ಗೊತ್ತು?

ಸಹಿಗೆ ಇಬ್ಬರು ಸಾಕ್ಷಿ ಬೇಕು, ನೀವು ಸಹಿ ಹಾಕಿದ್ದನ್ನು ಅವರು ನೋಡಿರ್ಬೇಕು. ವಿಲ್‌ನಲ್ಲಿ ಪಾಲು ಸಿಗೋ ಮಗನನ್ನೋ ಸೊಸೆಯನ್ನೋ ಸಾಕ್ಷಿ ಮಾಡ್ಬೇಡಿ, ವಿಲ್ ಉಳೀತದೆ, ಆದ್ರೆ ಅವರಿಗೆ ಬರೆದದ್ದು ಬಿದ್ದು ಹೋಗ್ತದೆ, ಗಂಡ ಹೆಂಡ್ತಿಯಲ್ಲಿ ಒಬ್ಬರು ಸಹಿ ಹಾಕಿದ್ರೆ ಇನ್ನೊಬ್ಬರದ್ದೂ ಹೋಗ್ತದೆ. ರಿಜಿಸ್ಟರ್ ಕಡ್ಡಾಯ ಅಲ್ಲ, ಸ್ಟ್ಯಾಂಪ್ ಡ್ಯೂಟಿ ಇಲ್ಲ, ಆದ್ರೂ ಸಬ್‌ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಮಾಡಿಸಿ, ಮುಂದೆ ಜಗಳ ಬಂದಾಗ ಬಲ ಬರ್ತದೆ.

ಮಕ್ಕಳಿಗೆ ಮೊದಲೇ ಹೇಳಿ, ದಯವಿಟ್ಟು. ದುಬೈಯಲ್ಲೋ ಮುಂಬೈಯಲ್ಲೋ ಇದ್ರೆ ಫೋನ್ ಮಾಡಿಯಾದ್ರೂ ಹೇಳಿ, ಶವಪೆಟ್ಟಿಗೆ ಮನೆಯಲ್ಲಿರುವಾಗ ಗೊತ್ತಾಗೋದು ಬೇಡ. ಇನ್ನೊಂದು, ವಿಲ್ ಬರೆದ ಮೇಲೆ ನಿಮ್ಮ ಮದುವೆ ಆದ್ರೆ, ಎರಡನೇ ಮದುವೆಯಾದ್ರೂ, ಕ್ರೈಸ್ತರ ಹಳೇ ವಿಲ್ ತಾನಾಗೇ ರದ್ದಾಗ್ತದೆ, ಮರುದಿನವೇ ಹೊಸದು ಬರೀರಿ.