ಹಳೇ ಬೋರ್ಡ್ ಮೇಲೆ ಹೊಸ ಗೇಮಿಂಗ್ ಪಿಸಿ: ನನ್ನ ಅನುಭವ

ಹಳೇ ಬಿ450 ಮದರ್‌ಬೋರ್ಡ್ ಇಟ್ಟುಕೊಂಡೇ ರೈಜೆನ್ 5 5600 ಪ್ರೊಸೆಸರ್, ಆರ್‌ಎಕ್ಸ್ 6700 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡ್ ಹಾಕುತ್ತೇನೆ ಅಂದಾಗ ಗೆಳೆಯರು ಯಾರೂ ಒಪ್ಪಲಿಲ್ಲ. "ಆರು ಕೋರ್ ಸಾಲಲ್ಲ ಕಣೋ, ಹೊಸ ಡಿಡಿಆರ್5 ರ‍್ಯಾಮ್ ಹಾಕುವ ಬೋರ್ಡಿಗೆ ಹೋಗು, ಇಲ್ಲಾಂದ್ರೆ ಕಾರ್ಡ್ ಸುಮ್ನೆ ಕೂತಿರುತ್ತೆ" ಅಂದರು. ಈಗ ಅದೇ ಪಿಸಿಯಲ್ಲಿ 1440ಪಿ ರೆಸಲ್ಯೂಶನ್, ಹೈ ಸೆಟ್ಟಿಂಗ್‌ನಲ್ಲಿ ನಾನಾಡುವ ಹೆಚ್ಚಿನ ಆಟಗಳು ಸೆಕೆಂಡಿಗೆ 80–90 ಫ್ರೇಮ್ ಕೊಡುತ್ತಿವೆ. ಕಾರ್ಡ್ ಬಳಕೆ 97–98 ಪರ್ಸೆಂಟ್. ಸುಮ್ನೆ ಎಲ್ಲಿ ಕೂತಿದೆ?

ನಾನು ಮೊದಲು ಆರಿಸಿದ್ದು ಮಾನಿಟರ್. 1440ಪಿ, 144 ಹರ್ಟ್ಸ್ ಅಂತ ಗಟ್ಟಿಯಾದ ಮೇಲೆ ಉಳಿದದ್ದು ಸಲೀಸು. ಆ ರೆಸಲ್ಯೂಶನ್‌ನಲ್ಲಿ ಭಾರವೆಲ್ಲ ಕಾರ್ಡ್ ಮೇಲೆ. 1080ಪಿಯಲ್ಲಿ 200 ಫ್ರೇಮ್ ಬೇಕು ಅನ್ನುವವರಿಗೆ ಈ ಲೆಕ್ಕ ಹೊಂದುವುದಿಲ್ಲ, ಅವರು ಪ್ರೊಸೆಸರ್‌ಗೇ ದುಡ್ಡು ಹಾಕಬೇಕು. ನನ್ನ ಖರ್ಚಿನಲ್ಲಿ ಮಾನಿಟರ್ ಬಿಟ್ಟರೆ ಅರ್ಧಕ್ಕಿಂತ ಜಾಸ್ತಿ ಕಾರ್ಡ್‌ಗೇ ಹೋಯಿತು. ಎನ್‌ವಿಡಿಯಾದ 3060 ಟಿಐ ಕಾರ್ಡ್ ಕೂಡ ಇದೇ ಮಟ್ಟದ್ದು, ಆದರೆ ಅದರ ಮೆಮೊರಿ 8 ಜಿಬಿ. ಇದಕ್ಕೆ 12 ಜಿಬಿ. ಮೆಮೊರಿ ಸಾಲದೆ ಟೆಕ್ಸ್ಚರ್ (ಚಿತ್ರದ ಮೇಲ್ಮೈ ವಿವರ) ಇಳಿಸಿ ಆಡುವುದು ನನ್ನಿಂದಾಗದು. ರೇ ಟ್ರೇಸಿಂಗ್‌ನಲ್ಲಿ (ಬೆಳಕು, ನೆರಳನ್ನು ನಿಜದಂತೆ ಲೆಕ್ಕ ಹಾಕಿ ತೋರಿಸುವುದು) ಇದು ಹಿಂದೆ, ಗೊತ್ತಿದ್ದೇ ತಗೊಂಡೆ.

ಬಿ450 ಅಂದರೆ ಪಿಸಿಐಇ 3.0, ಬೋರ್ಡ್‌ಗೂ ಕಾರ್ಡ್‌ಗೂ ನಡುವಿನ ಹಳೇ ತಲೆಮಾರಿನ ದಾರಿ. ಕಾರ್ಡ್‌ಗೆ 16 ಲೇನ್ (ಡೇಟಾ ಸಾಗುವ ಸಾಲು) ಇರುವುದರಿಂದ ನಷ್ಟ ಕಣ್ಣಿಗೆ ಕಾಣಲ್ಲ. 4 ಲೇನ್‌ನ 6500 ಎಕ್ಸ್‌ಟಿ ಆಗಿದ್ದರೆ ಕಥೆ ಬೇರೆ. ಹಳೇ ಪ್ರೊಸೆಸರ್ ತೆಗೆಯುವ ಮೊದಲೇ, ಹೊಸದನ್ನು ಬೋರ್ಡ್ ಗುರುತಿಸಲಿ ಅಂತ, ಬಯೋಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮುಗಿಸಿದ್ದೆ.

ನಿಜವಾಗಿ ಕಾಡಿದ್ದು ಪವರ್ ಸಪ್ಲೈ. ಮೊದಲೇ ಇದ್ದ 550 ವ್ಯಾಟ್‌ನದು. ಕಾರ್ಡ್ 230, ಪ್ರೊಸೆಸರ್ ಜೋರಾಗಿ ಓಡಿದರೂ 75ರ ಆಸುಪಾಸು. ಲೆಕ್ಕದಲ್ಲಿ ಸಾಕಲ್ವಾ? ಆದರೆ ಆಟದ ಮಧ್ಯೆ ಠಕ್ ಅಂತ ಪಿಸಿ ಆಫ್. "ನೋಡು, ಹಳೇ ಬೋರ್ಡ್" ಅಂದರು ಎಲ್ಲ. ರ‍್ಯಾಮ್ ಒಂದೊಂದೇ ಬಿಚ್ಚಿ ನೋಡಿದೆ, ಡ್ರೈವರ್ ಬದಲಿಸಿದೆ, ವಾರಗಳೇ ಹೋದವು. ಕೊನೆಗೆ ಕಾರ್ಡ್ ಭಾರ ಇಳಿಸಲು ಫ್ರೇಮ್ 60ಕ್ಕೆ ಕಟ್ಟಿ ಆಡಿದೆ. ಇಡೀ ಸಂಜೆ ಒಂದು ಸಲವೂ ಆಫ್ ಆಗಲಿಲ್ಲ. ಕಾರ್ಡ್ ಕಣ್ಣು ಮಿಟುಕಿಸುವಷ್ಟರಲ್ಲಿ ಎಳೆಯುವ ಕರೆಂಟ್ ಸರಾಸರಿಗಿಂತ ಎಷ್ಟೋ ಜಾಸ್ತಿ, ಹಳೇ ಸಪ್ಲೈ ಅದನ್ನು ತಾಳಿಕೊಳ್ಳುತ್ತಿರಲಿಲ್ಲ. 650 ವ್ಯಾಟ್‌ನ ಗೋಲ್ಡ್ ದರ್ಜೆಯ ಸಪ್ಲೈ ಬಂದ ಮೇಲೆ ಆ ಕಾಟ ತಪ್ಪಿತು. ಹಳೇ ಮಾಡ್ಯುಲರ್ (ಬಿಚ್ಚಿ ಹಾಕುವ) ಕೇಬಲ್ ಮಾತ್ರ ಹೊಸದಕ್ಕೆ ಚುಚ್ಚಬೇಡಿ. ಸಪ್ಲೈ ಕಡೆಯ ಪಿನ್ ಜೋಡಣೆ ಬೇರೆ ಇದ್ದರೆ ಡ್ರೈವ್ ಸುಟ್ಟೇ ಹೋಗಬಹುದು.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ನಾಲ್ಕು ರ‍್ಯಾಮ್ ಹಾಕಿದರೆ 3600 ವೇಗದಲ್ಲಿ ನಿಲ್ಲಲಿಲ್ಲ, ಎರಡೇ ಹಾಕಿದರೆ ಗಟ್ಟಿ. ವೇಗದ ಎನ್‌ವಿಎಂಇ ಎಸ್‌ಎಸ್‌ಡಿಗೂ ಹಳೇ ಬಗೆಯ ಸಾಟಾ ಎಸ್‌ಎಸ್‌ಡಿಗೂ ಆಟ ಲೋಡ್ ಆಗುವುದರಲ್ಲಿ ಎರಡು ಮೂರು ಸೆಕೆಂಡ್ ವ್ಯತ್ಯಾಸ, ಅಷ್ಟೇ. ಕೇಸ್ ಮುಂದಿನ ಗಾಜು ತೆಗೆದಾಗ ಕಾರ್ಡ್ ಏಳೆಂಟು ಡಿಗ್ರಿ ತಣ್ಣಗಾಯಿತು! ಆ ಗಾಜು ಈಗ ಅಟ್ಟದ ಮೇಲಿದೆ.

ಕಾರ್ಡ್ ವೋಲ್ಟೇಜನ್ನೂ ಇಳಿಸಿದ್ದೇನೆ. 1200 ಮಿಲಿವೋಲ್ಟ್‌ನಿಂದ ಎಲ್ಲಿಗೆ, ಯಾವ ಕ್ರಮದಲ್ಲಿ ಅನ್ನುವುದು ನನ್ನ ಹತ್ತಿರವೇ ಇರಲಿ. ಸುಮಾರು 30 ವ್ಯಾಟ್ ಉಳಿಯಿತು, ಫ್ಯಾನ್ ಸದ್ದು ಅಡಗಿತು, ಫ್ರೇಮ್ ಒಂದೂ ಬೀಳಲಿಲ್ಲ. ಬೋರ್ಡ್ ದುಡ್ಡು ಉಳಿದಿದೆ. ಮುಂದೆ 5800ಎಕ್ಸ್3ಡಿ ಪ್ರೊಸೆಸರ್ ಸಿಕ್ಕರೆ ಇದೇ ಸಾಕೆಟ್‌ನಲ್ಲಿ ಕೂರುತ್ತದೆ, ಅದಕ್ಕೆ ಬೇಕಾದ ಬಯೋಸ್ ಆಗಲೇ ಹಾಕಿಟ್ಟಿದ್ದೇನೆ.